ಮೆಲ್ಲಗೆ ಹೊಡೆದ ಚೆಂಡು

ಪೋರ್-ಲಜಾರ್
8 ಸೆಪ್ಟೆಂಬರ್ 1968

ಭಾವ,

ನೀನು ಬಂದ ಚೆಂಡನ್ನು ಹಿಡಿಯುವವನೇ ಹೊರತು ನೀನಾಗಿ ಕಾಗದ ಬರೆಯುವವನಲ್ಲ ಎಂದು ಗೊತ್ತು. ಅದಕ್ಕೇ ನಾನೇ ಮೊದಲು ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಇಲ್ಲಿ ಎಲ್ಲರೂ ಎಂದರೆ ನಾನೊಬ್ಬನೇ, ಆದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ಊರಲ್ಲಿ ನನ್ನ ಬಗ್ಗೆ ಏನು ಹೇಳುತ್ತಿದ್ದಾರೋ ಕಾಣೆ. ನಡೆದದ್ದು ಇಷ್ಟು. ಮಂಗಳವಾರ ಅಭ್ಯಾಸ ಮುಗಿಸಿ ಬೂಟು ಬಿಚ್ಚುತ್ತಿದ್ದೆ. ನೀನು ಆಗಲೇ ಗಣಿಯ ದೀಪದ ಕೋಣೆಗೆ, ನಿನ್ನ ಪಾಳಿಗೆ ಹೋಗಿದ್ದೆ. ಲೆರ್ಬಿಯೆ ಸಾಹೇಬರು ಹೇಳಿ ಕಳಿಸಿದರು. ಗಣಿಗೂ ಅವರೇ ಯಜಮಾನರು, ಕ್ಲಬ್ಬಿಗೂ ಅವರೇ ಯಜಮಾನರು, ಹೋಗದೆ ಇರಲಾದೀತೇ? ಹೋದೆ. ಕೂರು ಅನ್ನಲಿಲ್ಲ.

"ಕಾಜಿಮಿರ್, ದಕ್ಷಿಣದಲ್ಲಿ ಬಿಸಿಲು ಚೆನ್ನಾಗಿರತ್ತೆ ಕಣಯ್ಯ."

"ಇರಬಹುದು ಸಾರ್."

"ಇರಬಹುದು ಏನು, ಹೋಗಿ ನೋಡು. ಸಾಯಂಕಾಲದ ರೈಲಿಗೆ ಟಿಕೆಟ್ ತೆಗೆಸಿದೀನಿ."

"ವಾಪಸು ಯಾವಾಗ ಸಾರ್?"

"ಅದನ್ನ ಪೋರ್-ಲಜಾರ್‌ನೋರನ್ನ ಕೇಳು. ಇವತ್ತಿಂದ ನೀನು ಅವರ ಆಳು."

ಅಷ್ಟೇ ಭಾವ. ಹದಿನೆಂಟರಲ್ಲಿ ಸಹಿ ಹಾಕುವಾಗ ಅಪ್ಪ ಎಷ್ಟು ಖುಷಿಪಟ್ಟಿದ್ದ. ಮೂವತ್ತೈದು ತುಂಬುವವರೆಗೆ ಕ್ಲಬ್ಬು ನನ್ನನ್ನು ಸಾಕುತ್ತದೆ ಎಂದು ಅವನು ತಿಳಿದಿದ್ದ. ಮೂವತ್ತೈದು ತುಂಬುವವರೆಗೆ ನಾನು ಅವರ ಸೊತ್ತು ಎಂದು ಅದರ ಅರ್ಥ. ಸಂತೆಯಲ್ಲಿ ದನ ಮಾರುವವನೂ ಹಗ್ಗ ಬಿಚ್ಚುವ ಮುಂಚೆ ಬೆನ್ನು ಸವರುತ್ತಾನಂತೆ. ನನಗೆ ಅದೂ ಇಲ್ಲ. ನನ್ನನ್ನು ಮಾರಿದ್ದರಿಂದ ನಮ್ಮ ಎತ್ವಾಲ್ ಕ್ಲಬ್ಬು ಇನ್ನೊಂದು ವರ್ಷ ಉಸಿರಾಡುತ್ತದೆ ಎಂದು ರೈಲಿನಲ್ಲಿ ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ.

ಅಕ್ಕನಿಗೆ ಹೇಳದೆ ಬಂದೆ. ಅವಳ ಮುಖ ನೋಡಿದ್ದರೆ ರೈಲು ಹತ್ತುತ್ತಿರಲಿಲ್ಲ. ನೀನೇ ಅವಳಿಗೆ ಹೇಳು, ನಾನಾಗಿ ಹೋದವನಲ್ಲ ಎಂದು.

ನಿನ್ನ ಬಾಮೈದ,
ಕಾಜಿಕ್


ವೆರ್ಲಿಂಕೂರ್
3 ನವೆಂಬರ್ 1968

ಕಾಜಿಕ್,

ಕಾಗದ ಬಂದು ಎರಡು ತಿಂಗಳಾಗುತ್ತಾ ಬಂತು, ಉತ್ತರ ಬರೆಯೋಕೇನು ರೋಗ ಎಂದು ನಿನ್ನ ಅಕ್ಕ ದಿನಾ ಬೈಯುತ್ತಿದ್ದಾಳೆ. ಸೋಲುವುದರಲ್ಲಿ ಪುರುಸೊತ್ತಿಲ್ಲ ಎಂದೆ. ನಿಜವೇ. ನೀನು ಹೋದ ಮೇಲೆ ನಮ್ಮ ಮುಂಚೂಣಿಯಲ್ಲಿ ಗೋಲು ಹೊಡೆಯುವವರು ಯಾರೂ ಉಳಿದಿಲ್ಲ. ಎಲ್ಲರೂ ಚೆನ್ನಾಗಿ ಓಡುತ್ತಾರೆ. ಎರಡನೇ ದರ್ಜೆಯಲ್ಲಿ ನಮಗಿಂತ ಕೆಳಗೆ ಒಂದೇ ತಂಡ ಇದೆ.

ಮೊನ್ನೆ ಸತ್ತವರ ಹಬ್ಬಕ್ಕೆ ನಿಮ್ಮಪ್ಪನ ಗೋರಿಗೆ ಹೋಗಿ ಸೇವಂತಿಗೆ ಇಟ್ಟು ಬಂದೆವು. ಅಲ್ಲಿಂದ ಝೆರ್ಮೇನಳ ಬಾರಿಗೆ ಹೋದರೆ ಅಶಿಲ್ ತಾತ ಕೂತಿದ್ದ. ಒಂದು ಲೋಟ ಒಳಗೆ ಹೋದರೆ ಅವನಿಗೆ ಕ್ಲಬ್ಬಿನ ಪುರಾಣ ಶುರುವಾಗುತ್ತದೆ, ನಿನಗೆ ಗೊತ್ತಲ್ಲ. ಈ ಸಲ ಹೊಸ ಆಟಗಾರರಿಬ್ಬರು ಸಿಕ್ಕಿದ್ದರು, ಮೊದಲಿನಿಂದ ಹಿಡಿದ.

"ಗಣಿ ದೊರೆಗಳು ಎಂಟನೇ ಇಸವೀಲಿ ಈ ಎತ್ವಾಲ್ ಕಟ್ಟಿದ್ದು ಯಾಕೆ ಹೇಳ್ರೋ? ಭಾನುವಾರ ನಾವು ಕುಡೀಬಾರದು, ಮುಷ್ಕರದ ಮಾತಾಡಬಾರದು ಅಂತ. ಈಗ ನೋಡಿ, ಕುಡಿದೂ ಕುಡಿದ್ವಿ, ಮುಷ್ಕರಾನೂ ಮಾಡಿದ್ವಿ, ಫುಟ್‌ಬಾಲು ಉಚಿತವಾಗಿ ಬಂತು!"

ಅಂಗಿಯ ಕಥೆಯೂ ಬಂತು. ದೊರೆಗಳು ಕೊಟ್ಟದ್ದು ಬಿಳಿ ಅಂಗಿ, ಎದೆಯ ಮೇಲೆ ಕ್ಲಬ್ಬಿನ ಹೆಸರಿಗೆ ತಕ್ಕ ಹಾಗೆ ಕಪ್ಪು ನಕ್ಷತ್ರ. ಈ ಊರಿನ ನೀರಲ್ಲಿ ಒಗೆದೂ ಒಗೆದೂ ಅಂಗಿ ಬೂದಿ ಬಣ್ಣಕ್ಕೆ ತಿರುಗಿ ಹೆಂಗಸರಿಗೆ ಸಾಕಾಯಿತು. ಒಂದು ದಿನ ಹನ್ನೊಂದನ್ನೂ ಕಪ್ಪು ಬಣ್ಣದ ಹಂಡೆಗೆ ಅದ್ದಿ, ಮೇಲೆ ಬಿಳಿ ನಕ್ಷತ್ರ ಹೊಲಿದುಬಿಟ್ಟರು. ಬಣ್ಣ ಬದಲಾದದ್ದು ಪ್ಯಾರಿಸ್ಸಿನಲ್ಲಿದ್ದ ದೊರೆಗಳಿಗೆ ಗೊತ್ತಾಗಲು ಎರಡು ವರ್ಷ ಹಿಡಿಯಿತಂತೆ. ಆಮೇಲೆ ಮೊದಲ ಯುದ್ಧ. ಮೈದಾನದ ತುಂಬಾ ಬಾಂಬು ಬಿದ್ದ ಗುಂಡಿ. ಯುದ್ಧದಿಂದ ಬದುಕಿ ಬಂದ ಆಟಗಾರರು ನಾಲ್ವರೇ. ಅವರೇ ಬುಟ್ಟಿ ಹೊತ್ತು ಗುಂಡಿ ಮುಚ್ಚಿದರು. ಅಶಿಲ್ ತಾತ ಆ ನಾಲ್ವರಲ್ಲಿ ಒಬ್ಬ. ಆ ಮಾತು ಬಂದಾಗ ಅವನು ಜೋರಾಗಿ ಹೇಳುವುದಿಲ್ಲ.

ನಿಮ್ಮಪ್ಪನ ಸರದಿಯೂ ಬಂತು. ಪೋಲೆಂಡಿನಿಂದ ಗಣಿಗೆ ಬಂದವರನ್ನು ಆಗ ಎತ್ವಾಲ್‌ಗೆ ಸೇರಿಸುತ್ತಿರಲಿಲ್ಲ. ನಿಮ್ಮಪ್ಪ ನೇರ ಮೈದಾನಕ್ಕೆ ಬಂದು ನಿಂತನಂತೆ. "ನಿಮ್ಮೋರದೇ ತಂಡ ಇದ್ಯಲ್ಲಯ್ಯ, ಇಲ್ಲಿಗೆ ಯಾಕೆ ಬಂದೆ?" ಎಂದು ಕೇಳಿದರೆ, ಫ್ರೆಂಚಿನಲ್ಲಿ ತನಗೆ ಬರುತ್ತಿದ್ದ ಎರಡೇ ಮಾತು ಹೇಳಿದ: "ಚೆಂಡು ಕೊಡಿ." ಕೊಟ್ಟರು. ಆಮೇಲೆ ಹತ್ತು ವರ್ಷ ಯಾರಿಗೂ ಅವನಿಂದ ಅದನ್ನು ಕಿತ್ತುಕೊಳ್ಳಲಾಗಲಿಲ್ಲ. ಮೂವತ್ತನಾಲ್ಕನೇ ಇಸವಿಯಲ್ಲಿ ನಾವು ವೃತ್ತಿಪರರಾದದ್ದು, ಗಣಿ ಮುಚ್ಚಿದ್ದ ತಿಂಗಳುಗಳಲ್ಲಿ ಕೆಲಸವಿಲ್ಲದವರೇ ಸ್ಟೇಡಿಯಂ ಕಟ್ಟಿದ್ದು, ಪರಊರಿನ ಪಂದ್ಯಕ್ಕೆ ಪಾರಿವಾಳ ಕೊಂಡೊಯ್ದು ಗೆದ್ದರೆ ಕಾಲಿಗೆ ಕಪ್ಪು ದಾರ ಕಟ್ಟಿ ಬಿಡುತ್ತಿದ್ದದ್ದು, ಎಲ್ಲ ಆಯಿತು. ಕೊನೆಗೆ ನಿನ್ನ ಹೆಸರು ಬಂತು.

"ವ್ರೂಬೆಲ್‌ನಂಥಾ ಅಪ್ಪನ ಮಗ, ಬಿಸಿಲು ಕಾಯಿಸ್ಕೊಳ್ಳೋಕೆ ಹೋದ."

"ಹೋಗಿದ್ದಲ್ಲ ತಾತ, ಕಳಿಸಿದ್ದು," ಎಂದೆ.

"ಕಳಿಸಿದ್ರೆ ಹೋಗಿಬಿಡೋದಾ?"

"ಹದಿಮೂರು ವರ್ಷಕ್ಕೆ ನಿನ್ನನ್ನ ಗಣಿಗೆ ಇಳಿಸಿದ್ರಲ್ಲ, ನೀನು ಒಲ್ಲೆ ಅಂದ್ಯಾ?"

ತಾತ ಇನ್ನೊಂದು ಲೋಟ ತರಿಸಿಕೊಂಡ. ನಿನ್ನ ಪರವಾಗಿ ನಾನು ಗೆದ್ದ ವಾದ ಇದೊಂದೇ. ಉಳಿದವರ ಬಾಯಿ ಮುಚ್ಚಿಸಲು ನನ್ನ ಕೈಯಲ್ಲಿ ಆಗಿಲ್ಲ.

ನಿನ್ನ ಭಾವ,
ಫೆರ್ನಾಂ


ಪೋರ್-ಲಜಾರ್
6 ಜನವರಿ 1969

ಭಾವ,

ಕ್ರಿಸ್‌ಮಸ್ಸಿಗೆ ಅಕ್ಕ ಕಳಿಸಿದ ಗಸಗಸೆ ರೊಟ್ಟಿ ಬಂತು. ದಾರಿಯಲ್ಲಿ ಕಲ್ಲಾಗಿತ್ತು. ಕಾಫಿಯಲ್ಲಿ ಅದ್ದಿಕೊಂಡು ಒಂದು ಚೂರೂ ಬಿಡದೆ ತಿಂದೆ. ಇದನ್ನು ಅವಳಿಗೆ ಹೇಳು, ಕಲ್ಲಾಗಿತ್ತು ಎನ್ನುವುದನ್ನು ಬಿಟ್ಟು.

ಇಲ್ಲಿಯ ಜನ ಒಳ್ಳೆಯವರು. ಗೆದ್ದರೆ ಕೂಗುತ್ತಾರೆ, ಸೋತರೆ ಮೀನು ತಿನ್ನಲು ಹೋಗುತ್ತಾರೆ. ಸೋತ ಮೇಲೂ ಊಟ ಸೇರುವವರನ್ನು ನಾನು ಮೊದಲ ಸಲ ನೋಡಿದ್ದು. ನಮ್ಮಲ್ಲಿ ಎತ್ವಾಲ್ ಸೋತ ಸೋಮವಾರ ಗಣಿಯಲ್ಲಿ ಕಲ್ಲಿದ್ದಲೂ ಕಡಿಮೆ ಬರುತ್ತದೆ ಎಂದರೆ ನಗುತ್ತಾರೆ.

ಒಂದು ವಿಷಯ ಹೇಳಿದರೆ ನೀನೂ ನಗುತ್ತೀ. ನಮ್ಮ ಬಟ್ಟೆ ಒಗೆಯುವ ಮನೆಯ ಗೋಡೆ ನೆನಪಿದೆಯಲ್ಲ? ನೀನು ಬಾಗಿಲ ಮುಂದೆ ನಿಲ್ಲುತ್ತಿದ್ದೆ, ನಾನು ಹೊಡೆಯುತ್ತಿದ್ದೆ. ನಿನ್ನ ಬಲಗೈ ಕಡೆ ಮದಾಮ್ ಬೊಡೆಲ್‌ಳ ಕಿಟಕಿ. ಗಾಜು ಒಡೆದರೆ ಅಪ್ಪನ ಬೆಲ್ಟು. ಆ ಹೆದರಿಕೆಗೆ ನನ್ನ ಕಾಲು ನಿನ್ನ ಎಡಗೈ ಕಡೆಗೆ ಮಾತ್ರ ಹೊಡೆಯಲು ಕಲಿಯಿತು. ದೊಡ್ಡವನಾದ ಮೇಲೂ ಪೆನಾಲ್ಟಿ ಎಂದರೆ ಗೋಲ್‌ಕೀಪರಿನ ಎಡಕ್ಕೇ. ಇಲ್ಲಿಯ ತರಬೇತುದಾರ ಅದನ್ನು ಎರಡೇ ವಾರದಲ್ಲಿ ಪತ್ತೆ ಮಾಡಿದ. "ಏನಯ್ಯಾ, ಬಲಗಡೆ ನಿನ್ನ ಅತ್ತೆ ನಿಂತಿರ್ತಾಳಾ?" ಎಂದ. ಬೊಡೆಲ್‌ಳ ಕಿಟಕಿಯ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕ. ಆಮೇಲೆ ತಿಂಗಳುಗಟ್ಟಲೆ ಬಲಕ್ಕೆ ಹೊಡೆಸಿದ. ಈಗ ಎರಡೂ ಕಡೆ ಹೊಡೆಯುತ್ತೇನೆ. ಪೆನಾಲ್ಟಿಯೆಲ್ಲ ನನ್ನದೇ, ಇದುವರೆಗೆ ಒಂದೂ ತಪ್ಪಿಲ್ಲ.

ಭಾನುವಾರ ನಮ್ಮ ಪಂದ್ಯ ಮುಗಿದ ಕೂಡಲೇ ಎತ್ವಾಲ್ ಏನಾಯಿತು ಎಂದು ಕೇಳುತ್ತೇನೆ. ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸೋಮವಾರ ಪೇಪರಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹುಡುಕಬೇಕು. ಈ ಸಲ ಹುಡುಕುವಾಗ ನಿಮ್ಮ ಕೆಳಗಿದ್ದ ಆ ಒಂದು ತಂಡ ಮೇಲೆ ಬಂದಿತ್ತು.

ಕಾಜಿಕ್


ವೆರ್ಲಿಂಕೂರ್
16 ಮಾರ್ಚ್ 1969

ಕಾಜಿಕ್,

ಈ ಕಾಗದವನ್ನು ನಿನ್ನ ಅಕ್ಕನಿಗೆ ತೋರಿಸದೆ ಬರೆಯುತ್ತಿದ್ದೇನೆ.

ಹೋದ ಗುರುವಾರ ಲೆರ್ಬಿಯೆ ಸಾಹೇಬರು ಬಟ್ಟೆ ಬದಲಿಸುವ ಕೋಣೆಗೇ ಬಂದರು. ಹಿಂದೆಂದೂ ಆ ವಾಸನೆಗೆ ಬಂದವರಲ್ಲ. ಗಣಿಯ ಎರಡು ಬಾವಿ ಮುಚ್ಚುತ್ತಿದ್ದಾರೆ. ಕಲ್ಲಿದ್ದಲಿಗೆ ಬೇಡಿಕೆ ಇಲ್ಲವಂತೆ. ಕಲ್ಲಿದ್ದಲಿಗೇ ಇಲ್ಲದ ಮೇಲೆ ಫುಟ್‌ಬಾಲಿಗೆ ಎಲ್ಲಿಂದ? ಈ ವರ್ಷ ಕೊನೆಯ ಸ್ಥಾನಕ್ಕೆ ಬಿದ್ದರೆ ವೃತ್ತಿಪರ ತಂಡ ಅಲ್ಲಿಗೆ ಮುಗಿಯಿತು. ಎತ್ವಾಲ್ ಹೆಸರು ಇರುತ್ತದೆ, ಭಾನುವಾರ ಹಳ್ಳಿ ತಂಡಗಳ ಜೊತೆ ಆಡಿಕೊಂಡಿರಬಹುದು. ಕೊನೆಯ ಸ್ಥಾನದಿಂದ ತಪ್ಪಿಸಿಕೊಂಡರೆ ಇನ್ನೂ ಮೂರು ವರ್ಷ ನಡೆಸುತ್ತೇವೆ ಎಂದು ಆಡಳಿತದವರು ಬರೆದುಕೊಟ್ಟಿದ್ದಾರೆ.

"ನಾವೆಲ್ಲ ಏನಾಗ್ತೀವಿ ಸಾರ್?" ಎಂದು ನಾನೇ ಕೇಳಿದೆ.

"ಗಣಿಯಿಂದ ಬಂದೋರನ್ನ ಗಣಿ ಕೈ ಬಿಡಲ್ಲ ಫೆರ್ನಾಂ. ನಿನ್ನ ಹಳೇ ಜಾಗ ನಿನಗೆ ಇದ್ದೇ ಇದೆ."

ಎಷ್ಟು ಪ್ರೀತಿಯಿಂದ ಹೇಳಿದರು ಗೊತ್ತಾ. ನನ್ನ ಹಳೇ ಜಾಗ ಎಂದರೆ ಬಾವಿಯ ತಳ. ಮೇಲೆ ಕೂತು ಆಳುಗಳಿಗೆ ದೀಪ ಹಂಚುವ ಈ ದೀಪದ ಕೋಣೆಯ ಕೆಲಸ ಗೋಲ್‌ಕೀಪರಿಗೆ ಕೊಟ್ಟದ್ದು, ಫೆರ್ನಾಂಗೆ ಕೊಟ್ಟದ್ದಲ್ಲ. ಹದಿನಾಲ್ಕರಿಂದ ಹತ್ತೊಂಬತ್ತರವರೆಗೆ ಕೆಳಗಿದ್ದೆ. ಎತ್ವಾಲ್ ನನ್ನನ್ನು ಮೇಲಕ್ಕೆ ಎತ್ತಿತು. ಕತ್ತಲೆಗೆ ಹೆದರಲ್ಲ ಎಂದು ಇಲ್ಲಿ ಪ್ರತಿ ಗಂಡಸೂ ಹೇಳುತ್ತಾನೆ. ನಾನೂ ಹೇಳುತ್ತೇನೆ. ನಿನಗೊಬ್ಬನಿಗೆ ನಿಜ ಹೇಳುತ್ತೇನೆ, ನನಗೆ ಹೆದರಿಕೆ ಇದೆ. ಲಿಫ್ಟು ಕೆಳಗೆ ಇಳಿಯುವ ಕನಸು ಈಗಲೂ ಬೀಳುತ್ತದೆ.

ಈಗ ಮುಖ್ಯ ಮಾತು. ಮೇ ಹದಿನೆಂಟಕ್ಕೆ ನಮ್ಮ ಕೊನೆಯ ಪಂದ್ಯ, ನಮ್ಮ ಊರಲ್ಲೇ, ನಿನ್ನ ತಂಡದ ಮೇಲೆ. ಲೆಕ್ಕ ಹಾಕಿದರೆ ಎಲ್ಲ ಆ ದಿನಕ್ಕೇ ಬಂದು ನಿಲ್ಲುವ ಹಾಗೆ ಕಾಣುತ್ತದೆ. ನಿನ್ನ ಅಕ್ಕ ವಾಂದಾ ಆಗಲೇ ಶುರು ಮಾಡಿದ್ದಾಳೆ. "ಅವನಿಗೊಂದು ಕಾಗದ ಹಾಕ್ರೀ, ಕಾಲು ನೋವು ಅಂತ ಅವತ್ತೊಂದಿನ ಮಲಗಿಬಿಡ್ಲಿ," ಎನ್ನುತ್ತಾಳೆ. ನೀನು ಹಾಗೆ ಮಾಡಿದರೆ ನನ್ನ ಮನೆ ಬಾಗಿಲು ನಿನಗೆ ಮುಚ್ಚಿತು ಎಂದು ತಿಳಿ. ಬಾಮೈದನ ದಯೆಯಿಂದ ಎತ್ವಾಲ್ ಬದುಕಿತು ಎಂದು ಝೆರ್ಮೇನಳ ಬಾರಿನಲ್ಲಿ ಯಾರಾದರೂ ಅಂದರೆ ನಾನು ಅಲ್ಲಿಗೆ ಹೇಗೆ ಹೋಗಲಿ? ಗುಂಡಿ ಮುಚ್ಚಿದ ಆ ಮುದುಕನ ಎದುರು ಹೇಗೆ ಕೂರಲಿ? ನನ್ನ ಮುಂದೆ ಚೆಂಡು ಸಿಕ್ಕಿದರೆ, ಬೇರೆ ಯಾವ ಗೋಲ್‌ಕೀಪರಿಗೆ ಹೇಗೆ ಹೊಡೆಯುತ್ತೀಯೋ ಹಾಗೇ ಹೊಡಿ. ಹಿಡಿಯುವುದು ನನ್ನ ಕೆಲಸ.

ಮಾತು ಕೊಡು. ಬರವಣಿಗೆಯಲ್ಲಿ ಕೊಡು.

ಫೆರ್ನಾಂ


ಪೋರ್-ಲಜಾರ್
2 ಏಪ್ರಿಲ್ 1969

ಭಾವ,

ಮಾತು ಕೊಟ್ಟೆ. ಬೇರೆಯವರಿಗೆ ಹೊಡೆಯುವ ಹಾಗೆಯೇ ನಿನಗೂ ಹೊಡೆಯುತ್ತೇನೆ. ಅಪ್ಪನ ಆಣೆ.

ಕಾಲು ನೋವು ಎಂದು ಹೇಳುವ ಯೋಚನೆ ನನಗೂ ಬಂದಿತ್ತು, ಸುಳ್ಳಾಡುವುದಿಲ್ಲ. ಆದರೆ ಇಲ್ಲಿಯ ಡಾಕ್ಟರು ನೋವಿದೆ ಎಂದವನ ಕಾಲಿಗೆ ಸೂಜಿ ಚುಚ್ಚಿ ಮೈದಾನಕ್ಕೆ ಕಳಿಸುವ ಆಸಾಮಿ. ಮಾರಿದವರನ್ನು ಕೇಳುವಂತಿಲ್ಲ, ಕೊಂಡವರಿಗೆ ಹೇಳುವಂತಿಲ್ಲ.

ಅದಕ್ಕೆ ಮುಂಚೆ ಎರಡು ಪಂದ್ಯ ಗೆದ್ದುಬಿಡಿ ಭಾವ. ದಮ್ಮಯ್ಯ ಅಂತೀನಿ.

ಕಾಜಿಕ್


ವೆರ್ಲಿಂಕೂರ್
25 ಮೇ 1969

ಕಾಜಿಮಿರ್,

ಈ ಕಾಗದ ನಿನ್ನ ಭಾವನದಲ್ಲ, ನನ್ನದು. ಅವರು ಬರೆಯುವುದಿಲ್ಲ.

ನೀನು ಪಂದ್ಯ ಮುಗಿದ ತಕ್ಷಣ ಬಸ್ಸು ಹತ್ತಿ ಹೋದೆ. ಆದ್ದರಿಂದ ನಾವು ನೋಡಿದ್ದನ್ನು ನಿನಗೆ ಹೇಳುತ್ತೇನೆ. ಡ್ರಾ ಆಗಿದ್ದರೆ ಸಾಕಿತ್ತು ನಮಗೆ. ಒಂದಕ್ಕೊಂದು ಸಮ ಇತ್ತು. ಮುಗಿಯಲು ಇನ್ನೇನು ಸ್ವಲ್ಪ ಹೊತ್ತು, ನಮ್ಮ ಹುಡುಗನೊಬ್ಬನ ಕೈಗೆ ಚೆಂಡು ತಗುಲಿತು. ಪೆನಾಲ್ಟಿ. ನಿಮ್ಮ ತಂಡಕ್ಕೆ ಆ ಪಂದ್ಯದಿಂದ ಆಗಬೇಕಾದ್ದು ಏನೂ ಇರಲಿಲ್ಲ. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ನಿಮ್ಮ ನಾಯಕ ಚೆಂಡು ಎತ್ತಿಕೊಂಡ, ನಿನ್ನ ಕಡೆ ನೋಡಿ ಬೇಡ ಎನ್ನುವ ಹಾಗೆ ಕೈ ಆಡಿಸಿದ. ಪರಊರಿನವನಿಗೆ ಇದ್ದ ಮನುಷ್ಯತ್ವ ಅದು. ನೀನು ಓಡಿ ಹೋಗಿ ಅವನ ಕೈಯಿಂದ ಚೆಂಡು ಕಿತ್ತುಕೊಂಡೆ. ಇಡೀ ಊರು ನೋಡಿತು ಕಾಜಿಕ್. ನಾನೂ ನೋಡಿದೆ.

ಆಮೇಲೆ ಹೊಡೆದೆಯಲ್ಲ, ಅದನ್ನು ಹೊಡೆತ ಅನ್ನುತ್ತಾರಾ? ಅಜ್ಜಿ ಕೈಯಿಂದ ನೂಲಿನ ಉಂಡೆ ಜಾರಿದ ಹಾಗೆ ಉರುಳಿತು. ನನ್ನ ಗಂಡ ಆ ಕಡೆ ಬಿದ್ದಿದ್ದಾರೆ, ಚೆಂಡು ಈ ಕಡೆ ತನ್ನ ಪಾಡಿಗೆ ತಾನು ಹೋಗುತ್ತಿದೆ. ಗೆರೆ ದಾಟುವಷ್ಟರಲ್ಲಿ ಒಂದು ಜಪಮಣಿ ಎಣಿಸಬಹುದಿತ್ತು.

ಜೋರಾಗಿ ಹೊಡೆದಿದ್ದರೆ ಊರವರು ಕ್ಷಮಿಸುತ್ತಿದ್ದರು. ನಾನೂ ಕ್ಷಮಿಸುತ್ತಿದ್ದೆ. ಅವನ ಅನ್ನ ಅಲ್ಲಿದೆ, ಹೊಡೆಯಲೇಬೇಕಿತ್ತು ಎನ್ನುತ್ತಿದ್ದರು. ಮೆಲ್ಲಗೆ ಯಾಕೆ ಹೊಡೆದೆ? ಭಾವನನ್ನು ನೆಲದ ಮೇಲೆ ಮಲಗಿಸಿ ಆಟ ಆಡಿಸುವ ಹಾಗೆ? ಪೇಪರಿನವರು ಬರೆದರು, ಎಂಥಾ ನಿರಾಳ, ಎಂಥಾ ತಣ್ಣನೆಯ ರಕ್ತ, ಸ್ವಂತ ಭಾವನನ್ನೇ ಅಣಕಿಸಿದ ಎಂದು. ಅಶಿಲ್ ತಾತ ಆ ಪೇಪರನ್ನು ಬಾರಿನಲ್ಲಿ ಗಟ್ಟಿಯಾಗಿ ಓದಿಸಿದನಂತೆ. ಓದಿ ಮುಗಿಸಿದ ಮೇಲೆ "ವ್ರೂಬೆಲ್ ಸತ್ತಿದ್ದೇ ಒಳ್ಳೇದಾಯ್ತು," ಅಂದನಂತೆ. ಅಪ್ಪನ ಬಗ್ಗೆ ಈ ಊರಿನಲ್ಲಿ ಅಂಥ ಮಾತು ಬಂತು. ಬೇಕರಿಯವಳು ನನಗೆ ಬ್ರೆಡ್ಡು ಸುತ್ತಿ ಕೊಡುತ್ತಾಳೆ, ಮುಖ ನೋಡುವುದಿಲ್ಲ.

ಆ ದಿನ ಬೆಳಿಗ್ಗೆ ಎದ್ದು ಆಲೂಗಡ್ಡೆ ಕಡುಬು ಮಾಡಿಟ್ಟಿದ್ದೆ, ಗೆದ್ದರೂ ಸೋತರೂ ನೀನು ಉಣ್ಣಲು ಬರುತ್ತೀ ಎಂದು. ಕೋಳಿಗೆ ಹಾಕಿದೆ.

ಆ ಪಂದ್ಯದ ಬಗ್ಗೆ ನಿನ್ನ ಭಾವ ಒಂದೇ ಮಾತು ಆಡಿದ್ದು. "ಚೆನ್ನಾಗಿ ಹೊಡೆದ" ಎಂದರು. ಜುಲೈ ಒಂದಕ್ಕೆ ಅವರು ಬಾವಿಗೆ ಇಳಿಯಬೇಕು. ನೀನು ಈ ಕಡೆ ಬರಬೇಡ.

ವಾಂದಾ


ಪೋರ್-ಲಜಾರ್
8 ಜೂನ್ 1969

ಭಾವ,

ಇದನ್ನು ದೀಪದ ಕೋಣೆಯ ವಿಳಾಸಕ್ಕೆ ಹಾಕುತ್ತಿದ್ದೇನೆ, ಅಕ್ಕನ ಕೈಗೆ ಸಿಗದಿರಲಿ ಎಂದು. ಓದಿದ ಮೇಲೆ ಬೈಯಿ, ಹೊಡಿ, ಏನು ಬೇಕಾದರೂ ಮಾಡು. ಪೂರ್ತಿ ಓದು.

ನಾನು ಆ ಚೆಂಡನ್ನು ಕಿತ್ತುಕೊಂಡದ್ದು ಗೋಲು ಹೊಡೆಯಲಿಕ್ಕಲ್ಲ. ನಮ್ಮ ನಾಯಕ ಹೊಡೆದರೆ ಗೋಲೇ. ಅವನ ಕಾಲು ಕುದುರೆಯದು, ಮಧ್ಯಕ್ಕೆ ಹೊಡೆದರೂ ಬಲೆ ಹರಿಯುತ್ತದೆ. ನಾನೇ ಹೊಡೆದರೆ ಮಾತ್ರ ಎತ್ವಾಲ್ ಉಳಿಯುತ್ತದೆ ಅನ್ನಿಸಿತು. ನಿನ್ನ ಎಡಗೈ ಕಡೆಗೆ, ಬೊಡೆಲ್‌ಳ ಕಿಟಕಿ ಇಲ್ಲದ ಕಡೆಗೆ, ಹಿಡಿ ಭಾವ ಎಂದು ಕೊಟ್ಟೆ. ಹತ್ತು ವರ್ಷದವನಾಗಿದ್ದಾಗ ಹೊಡೆಯುತ್ತಿದ್ದೆನಲ್ಲ, ಅಷ್ಟೇ ಮೆಲ್ಲಗೆ. ಕೈ ಚಾಚಿದರೆ ಸಾಕಿತ್ತು. ಚಾಚದೆ ಸುಮ್ಮನೆ ಆ ಕಡೆ ಬಿದ್ದಿದ್ದರೂ ಸಾಕಿತ್ತು, ನಿನ್ನ ಮೈಗೆ ಬಡಿದು ನಿಲ್ಲುತ್ತಿತ್ತು.

ನನ್ನ ಕಾಲಿನಿಂದ ಚೆಂಡು ಹೋದ ಮೇಲೆ ನೀನು ಬಲಕ್ಕೆ ಹಾರುವುದನ್ನು ನೋಡಿದೆ. ಚೆಂಡಿನ ಹಿಂದೆ ಓಡಿ ಹೋಗಿ ನಾನೇ ಅದನ್ನು ತಡೆಯಬೇಕು ಅನ್ನಿಸಿತು. ಎರಡು ಹೆಜ್ಜೆ ಓಡಿದೆ ಕೂಡ. ಗೋಲಿಗೆ ಸಂಭ್ರಮ ಪಡಲು ಓಡಿದ ಎಂದು ಪೇಪರಿನವರು ಬರೆದಿದ್ದಾರೆ.

ಹೊರಗೆ ಹೊಡೆಯಬಹುದಿತ್ತಲ್ಲ ಎಂದು ನೀನು ಕೇಳುತ್ತೀ. ಬಸ್ಸಿನಲ್ಲಿ ಅಷ್ಟು ದೂರವೂ ಅದನ್ನೇ ಕೇಳಿಕೊಂಡೆ. ಆಕಾಶಕ್ಕೆ ಹೊಡೆದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಎತ್ವಾಲನ್ನು ನೀನೇ ಉಳಿಸಿದೆ ಎಂದು ಆಗಲಿ, ಊರವರು ನಿನ್ನನ್ನು ಹೆಗಲ ಮೇಲೆ ಹೊರಲಿ, ನಿನ್ನ ಫೋಟೋ ಪೇಪರಿನಲ್ಲಿ ಬರಲಿ ಎಂಬ ಆಸೆ. ಒಂದು ಚೂರು ಜಾಸ್ತಿ ಆಸೆ ಪಟ್ಟೆ.

ನಿನಗೆ ಕೊಟ್ಟ ಮಾತನ್ನು ಮುರಿಯುತ್ತಿದ್ದೇನೆ ಎಂದು ಗೊತ್ತಿತ್ತು. ಅಪ್ಪನ ಆಣೆ ಮುರಿಯುತ್ತಿದ್ದೇನೆ ಎಂದೂ ಗೊತ್ತಿತ್ತು. ನನ್ನ ಜಾಗದಲ್ಲಿ ಇದ್ದಿದ್ದರೆ ಅಪ್ಪನೂ ಹಾಗೇ ಮಾಡುತ್ತಿದ್ದ ಅಂದುಕೊಂಡೆ.

ಒಂದೇ ಒಂದು ಪ್ರಶ್ನೆ. ಇಪ್ಪತ್ತು ವರ್ಷ ನನ್ನ ಚೆಂಡು ಹಿಡಿದವನು ನೀನು. ನಾನು ಎಲ್ಲಿಗೆ ಹೊಡೆಯುತ್ತೇನೆ ಎಂದು ಈ ಭೂಮಿಯ ಮೇಲೆ ಯಾರಿಗಾದರೂ ಗೊತ್ತಿದ್ದರೆ ಅದು ನಿನಗೆ. ಬಲಕ್ಕೆ ಯಾಕೆ ಹಾರಿದೆ?

ಕಾಜಿಕ್


ವೆರ್ಲಿಂಕೂರ್
14 ಸೆಪ್ಟೆಂಬರ್ 1969

ಕಾಜಿಕ್,

ನಿನ್ನ ಕಾಗದ ಸಿಕ್ಕಿತು. ಮೂರು ತಿಂಗಳು ಉತ್ತರ ಬರೆಯಲಿಲ್ಲ. ಈ ಸಲ ನಿನ್ನ ಅಕ್ಕ ಬೈಯಲೂ ಇಲ್ಲ. ಕಾಗದ ಬಂದದ್ದೇ ಅವಳಿಗೆ ಗೊತ್ತಿಲ್ಲ.

ಜುಲೈಯಿಂದ ಕೆಳಗೆ ಹೋಗುತ್ತಿದ್ದೇನೆ. ಮೊದಲ ದಿನ ಲಿಫ್ಟಿನಲ್ಲಿ ಕಣ್ಣು ಮುಚ್ಚಿಕೊಂಡೆ. ಪಕ್ಕದವನು ನೋಡಿ, "ಏನ್ ಫೆರ್ನಾಂ, ಇಲ್ಲೂ ಎತ್ತ ಹಾರಲಿ ಅಂತ ಯೋಚಿಸ್ತಿದೀಯಾ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗದಿದ್ದರೆ ದಿನಾ ಅನ್ನುತ್ತಾರೆ. ಈಗಲೂ ದಿನಾ ಅನ್ನುತ್ತಾರೆ.

ಎತ್ವಾಲ್ ಹೋದ ಭಾನುವಾರ ಪಕ್ಕದ ಹಳ್ಳಿಯ ಹೈನುಗಾರರ ತಂಡದ ಜೊತೆ ಆಡಿತು. ಅಂಗಿ ಅದೇ. ನಾನು ಹೋಗಲಿಲ್ಲ. ಮೂರು ಸಾವಿರ ಜನ ಕೂರುವ ಕಡೆ ಐವತ್ತು ಜನ ಇದ್ದರಂತೆ, ಅಶಿಲ್ ತಾತ ತನ್ನ ಹಳೇ ಜಾಗದಲ್ಲೇ ಕೂತಿದ್ದನಂತೆ. ಇನ್ನೊಂದು ಸುದ್ದಿ ನೀನೂ ಓದಿರುತ್ತೀ. ಇನ್ನು ಮೇಲೆ ಆಟಗಾರರನ್ನು ಮೂವತ್ತೈದರವರೆಗೆ ಕಟ್ಟಿಹಾಕುವಂತಿಲ್ಲ, ಇಷ್ಟು ವರ್ಷಕ್ಕೆ ಎಂದು ಕರಾರು, ಮುಗಿದ ಮೇಲೆ ಅವನಿಷ್ಟ. ಹಾಗಾದರೆ ನೀನು ಒಂದು ದಿನ ವಾಪಸು ಬರಬಹುದು. ಬರುವುದಕ್ಕೆ ಇಲ್ಲಿ ತಂಡ ಇಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಊರಿಗೆ ಉತ್ತರ ಕೊಟ್ಟಾಗಿದೆ, ಕಾಲು ಜಾರಿತು ಎಂದು. ನಿನಗೆ ಆ ಸುಳ್ಳು ಹೇಳಲಾರೆ.

ನೀನು ಚೆಂಡು ಇಟ್ಟು ಹಿಂದೆ ಸರಿದಾಗ ನನಗೆ ಹೆದರಿಕೆಯೇ ಆಗಲಿಲ್ಲ. ಈ ಹುಡುಗ ನನಗೆ ಮಾತು ಕೊಟ್ಟಿದ್ದಾನೆ, ಬರೆದು ಕೊಟ್ಟಿದ್ದಾನೆ, ಅಪ್ಪನ ಆಣೆ ಇಟ್ಟಿದ್ದಾನೆ. ಬೇರೆ ಗೋಲ್‌ಕೀಪರಿಗೆ ಹೊಡೆಯುವ ಹಾಗೆ ಹೊಡೆಯುತ್ತಾನೆ. ಇಪ್ಪತ್ತು ವರ್ಷದ ಅಭ್ಯಾಸಕ್ಕೆ ಎಡಕ್ಕೇ ಕಾಯುತ್ತಾ ನಿಂತಿರುವ ಗೋಲ್‌ಕೀಪರಿಗೆ ನಿಯತ್ತಿನ ಆಟಗಾರ ಎಲ್ಲಿಗೆ ಹೊಡೆಯುತ್ತಾನೆ? ಬಲಕ್ಕೆ. ನೀನು ಬಲಕ್ಕೆ ಹೊಡೆಯಲು ಕಲಿತದ್ದನ್ನು ನೀನೇ ಬರೆದಿದ್ದೆ. ಯೋಚಿಸಲೇ ಇಲ್ಲ ಕಾಜಿಕ್. ಎಡಕ್ಕೆ ಹಾರಿದ್ದರೆ ನೀನು ಮಾತಿಗೆ ತಪ್ಪುವವನು ಎಂದು ನಾನು ನಂಬಿದ ಹಾಗೆ ಆಗುತ್ತಿತ್ತು. ನಿನ್ನ ಬಗ್ಗೆ ಹಾಗೆ ನಂಬಲು ನನ್ನ ಮೈ ಒಪ್ಪಲಿಲ್ಲ. ನೆಲದ ಮೇಲೆ ಬಿದ್ದು ತಿರುಗಿ ನೋಡಿದೆ, ಚೆಂಡು ಬರುತ್ತಿರುವ ರೀತಿ ನೋಡಿದೆ. ಎಲ್ಲ ಅರ್ಥವಾಯಿತು. ಏಳಲು ಆಗಲಿಲ್ಲ.

ಇದನ್ನು ಯಾರಿಗೆ ಹೇಳೋಣ? ಊರಿಗೆ ಹೇಳಿದರೆ ನಿನ್ನನ್ನು ಪಂದ್ಯ ಬಿಟ್ಟುಕೊಡಲು ನೋಡಿದವನು ಎಂದು ಆಟದಿಂದಲೇ ಹೊರಹಾಕುತ್ತಾರೆ. ನನ್ನನ್ನು, ಚೆಂಡನ್ನು ಕೈಗೇ ಕೊಟ್ಟರೂ ಹಿಡಿಯಲಾರದವನು ಎನ್ನುತ್ತಾರೆ. ವಾಂದಾಳಿಗೆ ಹೇಳಬಹುದು. ನಿನ್ನನ್ನು ಅವತ್ತೇ ಕ್ಷಮಿಸುತ್ತಾಳೆ. ಅವಳ ಬಾಯಲ್ಲಿ ಒಂದು ಮಾತು ನಿಲ್ಲುವುದಿಲ್ಲ ಎಂದು ನಿನಗೂ ಗೊತ್ತು, ಸಂಜೆಯೊಳಗೆ ಬೇಕರಿಯಲ್ಲಿರುತ್ತದೆ. ನೀನು ಕಟುಕ, ನಾನು ಕಾಲು ಜಾರಿದವನು. ಊರು ಅಷ್ಟನ್ನೇ ತಿಳಿದುಕೊಂಡಿರಲಿ. ಭಾನುವಾರ ಅವಳು ನಿನ್ನ ಹೆಸರೆತ್ತಿ ಬೈಯುವಾಗ ನಾನು ತಲೆ ಬಗ್ಗಿಸಿ ಸೂಪು ಕುಡಿಯುತ್ತೇನೆ.

ನಿನ್ನ ಮೇಲೆ ಕೋಪ ಮಾಡಿಕೊಳ್ಳಲು ಬೇಸಿಗೆಯೆಲ್ಲ ನೋಡಿದೆ. ಕೆಳಗೆ ಕಲ್ಲಿದ್ದಲಿನ ಮುಂದೆ ಕೂತು ನೋಡಿದೆ, ಅಲ್ಲಿ ಕೋಪ ಸುಲಭವಾಗಿ ಬರುತ್ತದೆ. ಬರಲಿಲ್ಲ. ಹುಟ್ಟಿದಾಗಿನಿಂದ ನೀನು ಮಾತಿಗೆ ತಪ್ಪಿದ್ದು ಅದೊಂದೇ ಸಲ. ಅದೂ ನನಗೋಸ್ಕರ. ನಿನ್ನ ಮಾತನ್ನು ನಾನು ಅಷ್ಟು ನಂಬದೆ ಇದ್ದಿದ್ದರೆ ಇವತ್ತು ಎಲ್ಲ ಇರುತ್ತಿತ್ತು ಕಣೋ.

ನಿನ್ನ ಭಾವ,
ಫೆರ್ನಾಂ